ಅಮ್ಮನ ಊರಿನ ಕೂಡುರಸ್ತೆಗಳು

ಕಂಬಣ್ಣ ಏಣಿಯ ಹನ್ನೊಂದನೇ ಮೆಟ್ಟಿಲ ಮೇಲೆ ನಿಂತು, ಸಿಗ್ನಲ್ ದೀಪದ ಮುಚ್ಚಳ ಬಿಚ್ಚಿ, ಎರಡು ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದಾಗ ಜೇಬಿನಲ್ಲಿದ್ದ ಫೋನು ಏಳನೇ ಸಲ ಗುರ್ರೆಂದಿತು. ಬುದ್ಧಿ ಇದ್ದವನು ಕೆಲಸ ಮುಗಿಸಿ ಇಳಿದು ನೋಡುತ್ತಾನೆ. ಈ ಮಹರಾಯ ಒಂದು ಕೈಯನ್ನು ಕಂಬಕ್ಕೆ ಸುತ್ತಿ, ಇನ್ನೊಂದು ಕೈಯಲ್ಲಿ ಅಲ್ಲೇ ಫೋನು ತೆಗೆದ. ‘ಗುಬ್ಬಿ ಮಾಡಿದ್ದನ್ನೇ ಹಾಕಿಕೊಳ್ಳಿ, ಕಂಬಣ್ಣನದು ಹಳೆಯದಾಯಿತು’ ಎಂದು ಯಾರೋ ಯಾರಿಗೋ ಬುದ್ಧಿ ಹೇಳಿದ್ದರು. ತುಟಿಯಿಂದ ಒಂದು ಸ್ಕ್ರೂ ಜಾರಿ, ಕೆಳಗೆ ಏಣಿ ಹಿಡಿದಿದ್ದ ಜೊತೆಗಾರನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು.

"ಏನಪ್ಪಾ, ಮೇಲೇನೇ ಸಂಸಾರ ಹೂಡ್ಬಿಟ್ಯಾ?" ಎಂದು ಅವನು ಕೂಗಿದ.

"ಬಂದೆ ಬಂದೆ" ಎಂದನೇ ಹೊರತು ಕಂಬಣ್ಣ ಬರಲಿಲ್ಲ. ಆ ಸಾಲನ್ನು ಇನ್ನೂ ಮೂರು ಸಲ ಓದಿದ. 

ವಿಷಯ ಇಷ್ಟೇ. ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟವೊಂದಿದೆ. ಖಾಲಿ ಬಯಲಿನಲ್ಲಿ ರಸ್ತೆ ಎಳೆದು, ನೀರು ಬೆಳಕು ಕೊಟ್ಟರೆ ಜನ ತಾವಾಗಿ ಬಂದು ಮನೆ ಹೂಡುತ್ತಾರೆ. ಬಂದವರೆಲ್ಲ ಕಾರು ಹತ್ತಿ ಒಂದೇ ಕೂಡುರಸ್ತೆಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆಟ ಮಾಡಿದ ಕಂಪನಿಗೆ ಕಟ್ಟಡಗಳ ಅಂದಚೆಂದದ ಮೇಲೆ ಇದ್ದ ಪ್ರೀತಿ ಕೂಡುರಸ್ತೆಯ ಮೇಲೆ ಇರಲಿಲ್ಲ. ಹಾಗಾಗಿ ಆರು ವರ್ಷದ ಹಿಂದೆ, ಹಗಲೆಲ್ಲ ನಿಜವಾದ ಸಿಗ್ನಲ್ಲುಗಳನ್ನು ರಿಪೇರಿ ಮಾಡುವ ಕಂಬಣ್ಣ ಆಟಕ್ಕೊಂದು ಸೇರ್ಪಡೆ ಮಾಡಿದ. ಇಂಥದ್ದಕ್ಕೆ ಆಡುವವರು ಮಾಡ್ ಎನ್ನುತ್ತಾರೆ. ಯಾವ ಸಾಲಿನ ಗಾಡಿ ಎಡಕ್ಕೆ, ಯಾವುದು ನೇರಕ್ಕೆ, ಯಾರಿಗಾಗಿ ಯಾರು ಕಾಯಬೇಕು ಎಂಬುದನ್ನೆಲ್ಲ ಆಡುವವರು ಕೈಯಾರೆ ಗೊತ್ತುಮಾಡಬಹುದು. ಆಟದ ಜನ ಸೇರಿ ಹರಟುವ ತಾಣಕ್ಕೆ ‘ಕಟ್ಟೆ’ ಎಂದು ಹೆಸರು. ಅಲ್ಲಿ ನಾಲ್ಕು ಲಕ್ಷ ಜನ ಅವನ ಮಾಡ್ ಹಾಕಿಕೊಂಡಿದ್ದರು. ಕಂಬಣ್ಣ ಎಂಬ ಹೆಸರು ಕೊಟ್ಟವರೂ ಅವರೇ. ಕೆಲಸದಲ್ಲಿ ಅವನಿಗೆ ಮೇಲಿನವರು ಚೀಟಿ ಕೊಡುತ್ತಾರೆ, ಅವನು ಏಣಿ ಹತ್ತುತ್ತಾನೆ. ಇಡೀ ಬದುಕಿನಲ್ಲಿ ‘ಇದು ನಾನು ಮಾಡಿದ್ದು’ ಎಂದು ಎದೆ ತಟ್ಟಿ ಹೇಳಿಕೊಳ್ಳಲು ಅವನಿಗೆ ಇದ್ದದ್ದು ಅದೊಂದೇ.

ಕಟ್ಟೆಯಲ್ಲಿ ಒಂದು ಪದ್ಧತಿ ಉಂಟು. ಆಟಕ್ಕೆ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಮಾಡ್‌ಗಳು ಕೈಕಾಲು ಮುರಿದುಕೊಂಡು ಬೀಳುತ್ತವೆ. ಮಾಡಿದವನೇ ಸರಿಮಾಡಬೇಕು. ನಲವತ್ತು ದಿನ ಅವನ ಸುಳಿವೇ ಇಲ್ಲದಿದ್ದರೆ ಬೇರೆ ಯಾರಾದರೂ ರಿಪೇರಿ ಮಾಡಿ, ಮೂಲದವನ ಹೆಸರು ಹಾಕಿ, ಕಟ್ಟೆಗೆ ಇಡಬಹುದು. ಈ ಸಲ ಹೊಸ ಆವೃತ್ತಿ ಬಂದಾಗ ಕಂಬಣ್ಣನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಎರಡು ತಿಂಗಳು ಅವನು ಆಸ್ಪತ್ರೆಯ ಬೆಂಚಿನಲ್ಲೇ ಕಳೆದ. ತಿರುಗಿ ಬಂದು ನೋಡಿದರೆ ಗುಬ್ಬಿ ಎಂಬ ಹೆಸರಿನ ಹೊಸ ಹುಡುಗಿಯೊಬ್ಬಳು ಅವನ ಮಾಡನ್ನು ರಿಪೇರಿ ಮಾಡಿ ಇಟ್ಟಿದ್ದಳು. ಮೊದಲ ಸಾಲಿನಲ್ಲೇ ‘ಮೂಲ: ಕಂಬಣ್ಣ’ ಎಂದು ಹಾಕಿದ್ದಳು. ಜನ ಅವಳನ್ನು ಹೊತ್ತು ಕುಣಿಯುತ್ತಿದ್ದರು.

ಕಂಬಣ್ಣ ದಿನ ಎಣಿಸಿದ. ಅವನ ಲೆಕ್ಕದಲ್ಲಿ ಮೂವತ್ತೆಂಟೇ ಆಗಿತ್ತು. ಆವೃತ್ತಿ ಬರುತ್ತದೆಂದು ಕಂಪನಿ ಸಾರಿದ್ದು ಸೋಮವಾರ, ಜನರ ಕೈಗೆ ಬಂದದ್ದು ಬುಧವಾರ. ಗುಬ್ಬಿ ಸೋಮವಾರದಿಂದ ಎಣಿಸಿದ್ದಳು. ಎರಡು ದಿನಕ್ಕಾಗಿ ಕಟ್ಟೆಯಲ್ಲಿ ಹನ್ನೆರಡು ದಿನ ಜಗಳ ನಡೆಯಿತು. ‘ಮನೆಯವರು ಇಲ್ಲದಾಗ ಬಾಗಿಲು ಮುರಿದು ಒಳಗೆ ಬಂದಳು’ ಎಂದು ಅವನು ಬರೆದ. ‘ಸರ್, ನಿಮಗೆ ಐದು ಪತ್ರ ಬರೆದೆ, ಉತ್ತರ ಬರಲಿಲ್ಲ. ಈಗಲೂ ನೀವು ಹೇಳಿದರೆ ತೆಗೆಯುತ್ತೇನೆ’ ಎಂದು ಅವಳು ಬರೆದಳು. ಆ ಕೊನೆಯ ಮಾತೇ ಅವನಿಗೆ ಉರಿ ಹತ್ತಿಸಿತು. ತೆಗೆ ಎಂದರೆ ಇವನು ಸಣ್ಣವನಾಗುತ್ತಾನೆ, ಬೇಡ ಎಂದರೆ ಅವಳು ಗೆದ್ದಂತೆ. ಕಟ್ಟೆಯ ಯಜಮಾನ, ವೃತ್ತಿಯಿಂದ ಹಲ್ಲಿನ ಡಾಕ್ಟರು, ಕೊನೆಗೆ ಬಂದು ‘ಎರಡೂ ಇರಲಿ, ಜನ ಬೇಕಾದ್ದು ಆರಿಸಿಕೊಳ್ಳಲಿ’ ಎಂದು ತೀರ್ಪು ಕೊಟ್ಟು ಹೋದ. ಜನ ಆರಿಸಿಕೊಂಡದ್ದು ಯಾವುದನ್ನು ಎಂಬುದು ಏಣಿಯ ಮೇಲೆ ನಿಂತವನಿಗೆ ದಿನಕ್ಕೆ ಏಳು ಸಲ ತಿಳಿಯುತ್ತಿತ್ತು.

ಅವನ ಕಡೆಗೆ ಅಲುಗಾಡದೆ ನಿಂತವಳು ಒಬ್ಬಳೇ, ಅಮ್ಮ.

ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮಗ ಮೊದಲ ಸಲ ಮಾಡ್ ಮಾಡಿದಾಗ ಅದನ್ನು ಪರೀಕ್ಷಿಸಲು ಬೇರೆ ಯಾರೂ ಸಿಗದೆ ಅಮ್ಮನನ್ನು ಕೂರಿಸಿದ್ದ. ಅಂದು ಕೂತವಳು ಎದ್ದಿರಲಿಲ್ಲ. ಆರು ವರ್ಷದಿಂದ ಒಂದೇ ಊರು ಕಟ್ಟುತ್ತಿದ್ದಳು. ಅದರಲ್ಲಿ ಆರುನೂರ ನಲವತ್ತು ಕೂಡುರಸ್ತೆ. ಒಂದೊಂದನ್ನೂ ತಾಸುಗಟ್ಟಲೆ ನೋಡಿ, ಯಾವ ಲಾರಿ ಎಲ್ಲಿ ತಡೆಯುತ್ತದೆ ಎಂದು ಗುರುತು ಹಾಕಿಕೊಂಡು, ಕೈಯಾರೆ ಸಾಲು ಗೊತ್ತುಮಾಡಿದ್ದಳು. "ಎಲ್ಲಿಗೋ ನುಗ್ತೀಯಾ ಕಸದ ಲಾರಿ? ನಿನ್ಗೇನು ಪ್ರತ್ಯೇಕ ರಸ್ತೆ ಹಾಕ್ಸಿಕೊಡ್ಬೇಕಾ?" ಎಂದು ಪರದೆಯನ್ನು ಗದರುವ ದನಿ ಅಡುಗೆಮನೆಯವರೆಗೆ ಕೇಳುತ್ತಿತ್ತು. ಸೊಂಟ ಮುರಿದು ಮನೆಗೆ ಬಂದ ಮೇಲಂತೂ ಆ ಊರೇ ಅವಳಿಗೆ ಔಷಧಿ. ವಾಕರ್ ಹಿಡಿದು ಹಾಸಿಗೆಯಿಂದ ಕುರ್ಚಿಯವರೆಗಿನ ಒಂಬತ್ತು ಹೆಜ್ಜೆಯನ್ನು ಹಲ್ಲು ಕಚ್ಚಿ ನಡೆಯುತ್ತಿದ್ದದ್ದು ಅದಕ್ಕೇ.

"ನೀನು ಆಟನ ಹೊಸ ಆವೃತ್ತಿಗೆ ಏರಿಸ್ಬೇಡ, ನಂದು ರೆಡಿಯಾಗೋವರೆಗೂ ತಡ್ಕೋ" ಎಂದು ಕಂಬಣ್ಣ ಹೇಳಿದ್ದ. ಅವಳು ತಡೆದುಕೊಂಡಿದ್ದಳು. "ಊರೆಲ್ಲ ಆ ಗುಬ್ಬೀದು ಹಾಕ್ಕೊಂಡ್ರೂ ನಾನು ಹಾಕಲ್ಲ. ನಿನ್ನದು ಬರ್ಲಿ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗ ಅವನಿಗೆ ಎರಡು ತಾಸು ನೆಮ್ಮದಿ ಸಿಗುತ್ತಿತ್ತು. ಆಮೇಲೆ ಮತ್ತೆ ಫೋನು ಗುರ್ರೆನ್ನುತ್ತಿತ್ತು.

ಬೆಳಿಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಹೋಗುವ ತನಕ, ಸಂಜೆ ಬಂದು ಊಟದ ತನಕ, ಕಂಬಣ್ಣ ಮಾಡನ್ನು ಬುಡದಿಂದ ಹೊಸದಾಗಿ ಬರೆದ. ಎಂಟು ವಾರ ಹಿಡಿಯಿತು. ಕೆಲಸವೇನೋ ಬಂಗಾರದಂಥದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಒಳಗೆ ಕೂತು ಕೊರೆಯುತ್ತಿದ್ದ ಹುಳ ಸುಮ್ಮನಿರಬೇಕಲ್ಲ.

ಪ್ರತಿ ಮಾಡ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಂಕಿ ಅಕ್ಷರ ಕಲಸಿದ ಮೂವತ್ತೆರಡು ಮನೆಯ ಉದ್ದ ಬಾಲ. ಅದನ್ನು ಯಂತ್ರವೇ ಹುಟ್ಟಿಸಿಕೊಡುತ್ತದೆ, ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಊರನ್ನು ಉಳಿಸಿದಾಗ ಅದರಲ್ಲಿ ಓಡುತ್ತಿದ್ದ ಮಾಡ್‌ನ ಸಂಖ್ಯೆಯೂ ಊರಿನ ಫೈಲಿಗೆ ಸೇರುತ್ತದೆ. ಕಂಬಣ್ಣ ಗುಬ್ಬಿಯ ಮಾಡ್ ಬಿಚ್ಚಿ ಅದರ ಸಂಖ್ಯೆಯನ್ನು ಎತ್ತಿಕೊಂಡ. ತನ್ನ ಹೊಸ ಮಾಡ್‌ಗೆ ಎಂಟು ಸಾಲು ಆಜ್ಞೆ ಸೇರಿಸಿದ. ತೆರೆಯುತ್ತಿರುವ ಊರಿನಲ್ಲಿ ಆ ಸಂಖ್ಯೆ ಕಂಡರೆ, ಅಲ್ಲಿನ ಕೂಡುರಸ್ತೆಗಳ ಏರ್ಪಾಡನ್ನೆಲ್ಲ ಸದ್ದಿಲ್ಲದೆ ಅಳಿಸಿ, ಊರನ್ನು ಮತ್ತೆ ಉಳಿಸಿ, ಪರದೆಯ ಮೇಲೆ ಒಂದು ಮಾತು ತೋರಿಸಬೇಕು: ‘ಈ ಊರಿನ ಕೂಡುರಸ್ತೆಗಳಿಗೆ ಗುಬ್ಬಿಯ ಮಾಡ್‌ನಿಂದ ಹಾನಿಯಾಗಿದೆ.’

ಅವಳ ಕಡೆಗೆ ಹೋದವರು ಒಂದು ದಿನ ತಿರುಗಿ ಬರುತ್ತಾರೆ, ಬಂದಾಗ ಅವಳನ್ನು ಬಾಯಿಗೆ ಬಂದಂತೆ ಬೈಯಲಿ ಎಂಬುದು ಇದರ ಹಿಂದಿನ ಘನವಾದ ಯೋಚನೆ. ಗುಬ್ಬಿಯ ಮಾಡ್ ಹಾಕಿ ಹೊಸ ಊರೊಂದು ಕಟ್ಟಿ ಪರೀಕ್ಷೆಯನ್ನೂ ಮಾಡಿದ. ಎಂಟು ಸಾಲೂ ಹೇಳಿದಂತೆ ಕೇಳಿದವು. ತನ್ನದೇ ಹಳೆಯ ಮಾಡ್‌ನ ಊರಿನಲ್ಲಿ ಪರೀಕ್ಷಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಶನಿವಾರ ಸಂಜೆ ಕಟ್ಟೆಗೆ ಇಟ್ಟ.

ಭಾನುವಾರ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಕಂಬಣ್ಣ ತಾನೇ ಆಟವನ್ನು ಹೊಸ ಆವೃತ್ತಿಗೆ ಏರಿಸಿ, ತನ್ನ ಮಾಡ್ ಹಾಕಿಕೊಟ್ಟ.

"ಒತ್ತಮ್ಮ" ಎಂದ.

ಅಮ್ಮ ಒತ್ತಿದಳು. ಊರು ತೆರೆದುಕೊಂಡಿತು. ಮೊದಲ ಒಂದು ನಿಮಿಷ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಹೊಳೆಯ ಸೇತುವೆಯ ಹತ್ತಿರ ನಾಲ್ಕು ಕಾರು ನಿಂತವು. ನಾಲ್ಕು ನಲವತ್ತಾಯಿತು. ಕಾರ್ಖಾನೆಯ ಕಡೆಯ ಲಾರಿಗಳು ಆಸ್ಪತ್ರೆಯ ರಸ್ತೆಗೆ ನುಗ್ಗಿದವು, ಆಂಬುಲೆನ್ಸು ಅವುಗಳ ನಡುವೆ ಸಿಕ್ಕಿಕೊಂಡಿತು. ನೋಡುನೋಡುತ್ತ ಊರಿನ ರಸ್ತೆಗಳೆಲ್ಲ ಕೆಂಪಾದವು. ಪರದೆಯ ನಡುವೆ ಆ ಮಾತು ಮೂಡಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು. "ಈ ಊರಿನ ಕೂಡುರಸ್ತೆಗಳಿಗೆ ಗುಬ್ಬಿಯ ಮಾಡ್‌ನಿಂದ..."

 ಕಂಬಣ್ಣನ ಬಾಯಿಂದ ಮೊದಲು ಬಂದ ಮಾತು ಕೇಳಿ: "ಅಮ್ಮಾ, ನನ್ಗೆ ಗೊತ್ತಿಲ್ದೆ ಅವಳ್ದು ಹಾಕ್ಕೊಂಡಿದ್ಯಾ?"

ಅಮ್ಮ ತಿರುಗಿ ನೋಡಿದಳು. "ನಾನಾ? ಎರಡು ತಿಂಗ್ಳಿಂದ ನಿನ್ನದೇ ಬರ್ಲಿ ಅಂತ ಕಾಯ್ಕೊಂಡ್ ಕೂತಿಲ್ವೇನೋ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಊರಿಗಾಗಿಯೋ ಈ ಪ್ರಶ್ನೆಗಾಗಿಯೋ ಅವನಿಗೆ ತಿಳಿಯಲಿಲ್ಲ.

ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆರು ವರ್ಷದ ಹಿಂದಿನ ತನ್ನ ಮಾಡ್‌ನ ಫೈಲು ಬಿಚ್ಚಿ ನೋಡಿದ. ಮೂವತ್ತೆರಡು ಮನೆಯ ಆ ಬಾಲ ಅಲ್ಲಿಯೂ ಇತ್ತು, ಅದೇ ಅಂಕಿ, ಅದೇ ಅಕ್ಷರ. ಅದು ಅವನದೇ ಸಂಖ್ಯೆ. ಹಳೆಯ ಊರುಗಳು ತೊಡಕಿಲ್ಲದೆ ತೆರೆಯಲಿ ಎಂದು ಗುಬ್ಬಿ ಅದನ್ನು ಮುಟ್ಟದೆ ಹಾಗೇ ಇಟ್ಟಿದ್ದಳು. ಹೊಸದಕ್ಕೆ ಹೊಸ ಸಂಖ್ಯೆ ಹುಟ್ಟಿಸಿಕೊಂಡಿದ್ದವನು ಕಂಬಣ್ಣನೇ, ಹಳೆಯದರ ನೆರಳೂ ಬೇಡವೆಂದು. ಅಲ್ಲಿಗೆ ಅವನ ಎಂಟು ಸಾಲು ಗುಬ್ಬಿಯ ಕಡೆ ಹೋದವರನ್ನು ಮಾತ್ರ ಹಿಡಿಯುತ್ತಿರಲಿಲ್ಲ. ಎಲ್ಲಿಗೂ ಹೋಗದೆ ಅವನ ಜೊತೆಗೇ ಉಳಿದಿದ್ದವರನ್ನೂ ಬಿಡದೆ ಹಿಡಿಯುತ್ತಿದ್ದವು.

ಕಟ್ಟೆಯಲ್ಲಿ ಅಷ್ಟರಲ್ಲಿ ಕೋಲಾಹಲ ಎದ್ದಿತ್ತು. ಮೂರು ಸಾವಿರ ಜನ ತೆರೆದಿದ್ದರು, ಮೂರು ಸಾವಿರ ಊರು ಸಿಕ್ಕಿಕೊಂಡು ನಿಂತಿದ್ದವು. ಎಲ್ಲರೂ ಗುಬ್ಬಿಯ ಮೇಲೆ ಬಿದ್ದಿದ್ದರು. ಒಬ್ಬಿಬ್ಬರು ‘ನಾನು ಅವಳದನ್ನು ಹಾಕಿಯೇ ಇಲ್ಲವಲ್ಲ’ ಎಂದರು. ‘ಮರೆತಿದ್ದೀರಿ, ಸರಿಯಾಗಿ ನೋಡಿಕೊಳ್ಳಿ’ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು. ಕಂಬಣ್ಣ ಮಧ್ಯಾಹ್ನದೊಳಗೆ ಆ ಎಂಟು ಸಾಲು ಕಿತ್ತುಹಾಕಿ, ಶನಿವಾರದ ಆವೃತ್ತಿಯನ್ನು ಕಟ್ಟೆಯಿಂದ ತೆಗೆದು, ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆದು ಹೊಸದು ಇಟ್ಟ. ನಾಳೆ ಹೇಳಿದರಾಯಿತು ಎಂದುಕೊಂಡ. ಸೋಮವಾರ ಬಂದಾಗ ಆ ನಾಳೆ ಮಂಗಳವಾರಕ್ಕೆ ಹೋಯಿತು.

ಸೋಮವಾರ ಗುಬ್ಬಿಯ ಪತ್ರ ಬಂತು. ‘ಸರ್, ನಿಮ್ಮ ಶನಿವಾರದ ಆವೃತ್ತಿ ಒಮ್ಮೆ ಕಳಿಸುತ್ತೀರಾ? ನಿಮ್ಮದೂ ನನ್ನದೂ ಎಲ್ಲಿ ಡಿಕ್ಕಿ ಹೊಡೆದವು ಅಂತ ಹುಡುಕಬೇಕು. ತಪ್ಪು ನನ್ನದೇ ಇರಬಹುದು.’ ಅವನು ಉತ್ತರ ಬರೆಯಲಿಲ್ಲ. ಬರೆಯದ ಆ ಉತ್ತರ ಅವನ ಬೆನ್ನು ಬಿಡಲಿಲ್ಲ. ಹಲ್ಲುಜ್ಜುವಾಗ ಒಂದು ಸುಳ್ಳು ಸಿದ್ಧವಾಗುತ್ತಿತ್ತು, ಬಸ್ಸು ಹತ್ತುವಷ್ಟರಲ್ಲಿ ಅದು ಹಳಸುತ್ತಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಮಂಗಳವಾರ ನಾಲ್ಕು ರಸ್ತೆ ಸೇರುವಲ್ಲಿ ಸಿಗ್ನಲ್ ಪೆಟ್ಟಿಗೆ ರಿಪೇರಿ ಮಾಡಿ, ಮೊದಲು ನಾಲ್ಕೂ ಕಡೆ ಕೆಂಪು ಹಾಕಿ ನೋಡಬೇಕಾದವನು ನೇರವಾಗಿ ಸ್ವಿಚ್ ಹಾಕಲು ಹೋದ. ಜೊತೆಗಾರ ಓಡಿ ಬಂದು ಕೈ ಹಿಡಿದ.

"ತಲೆ ಎಲ್ಲಿಟ್ಟಿದ್ಯೋ? ಯಾರನ್ನ ಕೊಲ್ಲೋಕ್ ಹೊರಟಿದ್ಯಾ?"

"ಅಮ್ಮಂಗೆ ಸ್ವಲ್ಪ ಹುಷಾರಿಲ್ಲ" ಎಂದ ಕಂಬಣ್ಣ. ಹೇಳಿದ ಮೇಲೆ, ಅದಕ್ಕೂ ಅಮ್ಮನನ್ನೇ ಎಳೆದು ತಂದೆನಲ್ಲ ಎಂದು ನಾಚಿಕೆಯಾಯಿತು.

ಅಮ್ಮನಿಗೆ ನಿಜಕ್ಕೂ ಹುಷಾರಿರಲಿಲ್ಲ. ಕುರ್ಚಿಯವರೆಗೆ ಬರುವುದನ್ನೇ ಬಿಟ್ಟಿದ್ದಳು. ಹಾಸಿಗೆಯಲ್ಲೇ ಕೂತು ಮಗನ ಹಳೆಯ ಫೋನಿನಲ್ಲಿ ಗುಬ್ಬಿಗೆ ಪತ್ರ ಬರೆದಿದ್ದಳು. ಮೂವತ್ತು ವರ್ಷ ಗಿರಾಕಿಗಳ ಬೈಗುಳವನ್ನು ಮೆತ್ತಗೆ ಕೇಳಿಸಿಕೊಂಡವಳು, ಅಷ್ಟನ್ನೂ ಬಡ್ಡಿ ಸೇರಿಸಿ ಅವಳಿಗೆ ತಿರುಗಿಸಿದ್ದಳು. ‘ನಿನ್ನಂಥವಳು ಹೆತ್ತವರಿಗೂ ಒಳ್ಳೆಯದು ಮಾಡುವುದಿಲ್ಲ’ ಎಂದೂ ಬರೆದಿದ್ದಳು. ಬುಧವಾರ ಸಂಜೆ ಗುಬ್ಬಿಯ ಉತ್ತರ ಬಂತು. ಚಹಾ ಕುಡಿಯುತ್ತ ಅಮ್ಮ ಅದನ್ನು ಮಗನಿಗೆ ಓದಿ ಹೇಳಿದಳು.

"ಅಮ್ಮಾ, ನಿಮ್ಮ ಊರು ಕೆಟ್ಟದ್ದಕ್ಕೆ ನನ್ನನ್ನು ಕ್ಷಮಿಸಿ. ಮೂರು ದಿನದಿಂದ ಹುಡುಕುತ್ತಿದ್ದೇನೆ, ತಪ್ಪು ಎಲ್ಲಿದೆ ಅಂತ ಸಿಗುತ್ತಿಲ್ಲ. ನಿಮ್ಮ ಊರಿನ ಫೈಲು ಕಳಿಸಿದರೆ ಕೈಲಾದಷ್ಟು ಸರಿಮಾಡಿಕೊಡುತ್ತೇನೆ... ಕೇಳಿದ್ಯಾ? ಈಗ ಅಮ್ಮಾ ಅಂತೆ ಅಮ್ಮಾ! ಬೆಣ್ಣೆ ಹಚ್ತಾಳೆ."

"ಕಳಿಸ್ದ್ಯಾ ಫೈಲು?"

"ಕಳಿಸ್ದೆ, ಹೇಗೋ ಕುರ್ಚಿವರೆಗೆ ಎದ್ದು ಹೋಗಿ. ಹಾಳಾಗೋದು ಇನ್ನೇನಿದೆ ಅದ್ರಲ್ಲಿ?"

ಕಂಬಣ್ಣ ಲೋಟ ಕೆಳಗಿಟ್ಟ. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದ. "ಚಹಾ ಸ್ವಲ್ಪ ಕಹಿಯಾಗಿದೆ" ಎಂಬ ಮಾತು ಬಂತು.

ಶುಕ್ರವಾರ ಅವನು ಕೆಲಸ ಮುಗಿಸಿ ಬರುವಷ್ಟರಲ್ಲಿ ಗುಬ್ಬಿ ಕಟ್ಟೆಯಲ್ಲಿ ಎಲ್ಲರಿಗೂ ಒಂದು ಮಾತು ಬರೆದಿದ್ದಳು. ‘ತಪ್ಪು ನನಗೆ ಸಿಗಲಿಲ್ಲ. ಆದರೆ ಮೂರು ಸಾವಿರ ಜನ ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಕಾಣದ ತಪ್ಪು ಮಾಡುವವಳು ಮಾಡ್ ಮಾಡಬಾರದು. ಭಾನುವಾರ ನನ್ನದನ್ನು ತೆಗೆದುಹಾಕಿ ಕಟ್ಟೆ ಬಿಡುತ್ತೇನೆ. ಕಂಬಣ್ಣ ಸರ್, ನಿಮ್ಮ ಮನೆಯ ಬಾಗಿಲು ಮುರಿದದ್ದಕ್ಕೆ ಕ್ಷಮೆ ಇರಲಿ.’

ಕೆಳಗೆ ನೂರಾರು ಜನ ‘ಕಂಬಣ್ಣ ಗೆದ್ದ’ ಎಂದು ಬರೆದಿದ್ದರು. ಎರಡೂವರೆ ತಿಂಗಳಿಂದ ಅವನು ಹಗಲುಗನಸು ಕಂಡದ್ದು ಇದೇ ಮಾತನ್ನು. ಬಸ್ಸಿನಲ್ಲಿ ಅದನ್ನು ಓದಿ ಫೋನು ಜೇಬಿಗೆ ಹಾಕಿದ. ಎರಡು ನಿಲ್ದಾಣ ಮೊದಲೇ ಇಳಿದು ನಡೆದ. ಮನೆಗೆ ಬಂದಾಗ ಅಮ್ಮ ಎದ್ದು ಕುರ್ಚಿಯಲ್ಲಿ ಕೂತಿದ್ದಳು.

"ಹೋಗ್ತಾಳಂತಲ್ಲ" ಎಂದಳು.

"ಹೂಂ."

"ಓದಿ ಖುಷಿಯಾಯ್ತು. ಆಮೇಲೆ ಒಂದು ಯೋಚನೆ ಬಂತು. ಎಕ್ಸ್‌ಚೇಂಜಲ್ಲಿ ಲೈನ್ ಕೆಟ್ರೆ ನಾವು ಮೊದ್ಲು ಕೇಳ್ತಿದ್ದದ್ದು, ಈ ಲೈನು ಆ ಮನೆಗೆ ಹೋಗಿದ್ಯಾ ಅಂತ. ಲೈನೇ ಹೋಗ್ದಿದ್ಮೇಲೆ ಅಲ್ಲಿ ಕೆಡೋದು ಹೇಗೆ? ನಾನು ಅವಳ್ದು ಹಾಕೇ ಇಲ್ಲ. ಅವಳ ತಪ್ಪು ನನ್ನ ಮನೇಗೆ ಯಾವ ದಾರೀಲಿ ಬಂತು ಹೇಳು."

ಕಂಬಣ್ಣ ಚೀಲ ಕೆಳಗಿಡಲಿಲ್ಲ. ಅಮ್ಮನ ಮುಖ ನೋಡಲಿಲ್ಲ. ಗೋಡೆಯ ಸ್ವಿಚ್ಚು ನೋಡಿಕೊಂಡು, "ನಾನು ಮಾಡಿದ್ದು" ಎಂದ.

"ಏನು?"

"ಊರು ಅಳಿಸಿದ್ದು ನನ್ನ ಮಾಡು. ಬೇಕಂತ್ಲೇ ಹಾಕಿದ್ದೆ. ಅವಳ ಜನಕ್ಕೆ ಅಂತ ಹಾಕಿದ್ದು, ಎಲ್ರಿಗೂ ತಾಗ್ತು. ಅವಳ ಹೆಸರು ಬರೆದವನೂ ನಾನೇ."

 ಅಮ್ಮ ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವತ್ತು ಗೊತ್ತಾಯ್ತು ನಿನ್ಗೆ?"

"ಭಾನುವಾರ. ಅವತ್ತೇ."

ಅಮ್ಮ ಬೆರಳು ಮಡಿಸಿ ಎಣಿಸಿದಳು. "ಆರು ದಿನ. ನನ್ನ ಊರು ಹೋಯ್ತು, ಹೋಗ್ಲಿ. ಆರು ದಿನ ನನ್ನ ಬಾಯಲ್ಲಿ ಆ ಹುಡುಗೀನ ಬೈಸಿದೆಯಲ್ಲೋ. ಹೆತ್ತವರಿಗೂ ಒಳ್ಳೇದು ಮಾಡಲ್ಲ ಅಂತ ನಾನು ಬರೆದಾಗ ಇಲ್ಲೇ ಕೂತಿದ್ದೆ ನೀನು. ಬುಧವಾರ ನಾನು ಓದ್ತಿದ್ದೆ, ನೀನು ಚಹಾ ಕಹಿ ಅಂದೆ."

ಅವನಿಗೆ ಅಳು ಬಂತು. ನಲವತ್ತೊಂದು ವರ್ಷದ ಗಂಡಸು, ಬೆನ್ನಿಗೆ ಚೀಲ ಹಾಕಿಕೊಂಡು, ಬಾಗಿಲಲ್ಲಿ ನಿಂತು ಅತ್ತ. ಅಮ್ಮ ಸಮಾಧಾನ ಮಾಡಲಿಲ್ಲ.

"ಅಲ್ಲಿ ಬರಿ. ಈಗ್ಲೇ ಬರಿ. ತಪ್ಪಾಯ್ತು ಅಂತ ಗೋಳಾಡ್ಬೇಡ, ಏನ್ ಮಾಡಿದೆ ಅಂತ ಬರಿ" ಎಂದಳು.

ಅವನು ಬರೆದ. ಎಂಟು ಸಾಲನ್ನೂ ಇದ್ದಂತೆಯೇ ಕಟ್ಟೆಯ ಮುಂದಿಟ್ಟ. ಸಂಖ್ಯೆ ತನ್ನದೇ ಎಂದು ಬರೆದ, ಭಾನುವಾರದಿಂದ ಗೊತ್ತಿತ್ತು ಎಂದೂ ಬರೆದ. ಒತ್ತುವ ಮೊದಲು, ಅಮ್ಮನ ಸೊಂಟ ಮುರಿದಿತ್ತು, ನಿದ್ದೆಯಿರಲಿಲ್ಲ ಎಂದು ಒಂದು ಸಾಲು ಸೇರಿಸಿದ. ಅಮ್ಮ ಹಿಂದಿನಿಂದ ಬಗ್ಗಿ ಓದಿ, "ಅದನ್ನ ತೆಗಿ" ಎಂದಳು. ತೆಗೆದ.

ಆಮೇಲೆ ಕಟ್ಟೆಯಲ್ಲಿ ಆದದ್ದನ್ನು ಪೂರ್ತಿ ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಅವತ್ತು ಸಂಜೆಯಷ್ಟೇ ‘ಕಂಬಣ್ಣ ಗೆದ್ದ’ ಎಂದವರೇ ಕಲ್ಲು ಹಿಡಿದು ಮೊದಲು ಬಂದರು. ಯಜಮಾನ ಅವನ ಹೆಸರನ್ನು ಕಟ್ಟೆಯಿಂದ ಒಂದು ವರ್ಷ ಹೊರಗಿಟ್ಟ. ಗುಬ್ಬಿ ಏನೂ ಬರೆಯಲಿಲ್ಲ. ಭಾನುವಾರ ಅವಳ ಮಾಡ್ ಇದ್ದಲ್ಲೇ ಇತ್ತು, ಆದರೆ ಅದರ ಮೊದಲ ಸಾಲಿನಲ್ಲಿದ್ದ ‘ಮೂಲ: ಕಂಬಣ್ಣ’ ಇರಲಿಲ್ಲ. ಪದ್ಧತಿಯ ಪ್ರಕಾರ ಅದು ಇರಬೇಕು. ಅದನ್ನು ಕೇಳುವ ಮುಖ ಅವನಿಗೆ ಉಳಿದಿರಲಿಲ್ಲ. ಏಣಿಯ ಮೇಲೆ ಇದ್ದಾಗ ಫೋನು ಈಗ ಗುರ್ರೆನ್ನುತ್ತಿರಲಿಲ್ಲ. ಅವನು ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಮ್ಮ ಗುಬ್ಬಿಗೆ ಬರೆದದ್ದೇನು ಎಂದು ಅವನಿಗೆ ಗೊತ್ತಿಲ್ಲ. ಅವಳು ತೋರಿಸಲಿಲ್ಲ. ಹತ್ತು ದಿನದ ಮೇಲೆ ಅಮ್ಮನ ಹೆಸರಿಗೆ ಒಂದು ಫೈಲು ಬಂತು, ಜೊತೆಗೆ ನಾಲ್ಕು ಸಾಲು.

‘ಅಮ್ಮಾ, ನಿಮ್ಮ ಊರಿನ ಏರ್ಪಾಡು ಅಳಿಸಿಹೋಗಿದ್ದರೂ, ಸಿಕ್ಕಿಕೊಂಡು ನಿಂತ ಗಾಡಿಗಳಿಗೆ ತಾವು ಹೋಗಬೇಕಿದ್ದ ಹಳೆಯ ದಾರಿ ಇನ್ನೂ ನೆನಪಿತ್ತು. ಒಂದೊಂದು ಗಾಡಿಯ ದಾರಿ ಹಿಡಿದು ನಿಮ್ಮ ಕೂಡುರಸ್ತೆಗಳನ್ನು ಹುಡುಕಿದೆ. ಐನೂರ ಹನ್ನೆರಡು ಸಿಕ್ಕಿವೆ. ಉಳಿದ ಕಡೆ ಗಾಡಿಗಳೇ ಇರಲಿಲ್ಲ, ಅವನ್ನು ನೀವೇ ನೋಡಬೇಕು. ಇದು ನನ್ನ ಮಾಡ್‌ನಲ್ಲಿ ಮಾತ್ರ ತೆರೆಯುತ್ತದೆ.’

ಕಂಬಣ್ಣ ಆ ಪತ್ರವನ್ನು ಅಮ್ಮನ ಹೆಗಲ ಮೇಲಿಂದ ಓದಿದ. ಗಾಡಿಗಳಿಗೆ ದಾರಿ ನೆನಪಿರುತ್ತದೆ ಎಂಬುದು ಆರು ವರ್ಷ ಅದರಲ್ಲೇ ಮುಳುಗಿದ್ದ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಮೆಚ್ಚುಗೆಯೂ ಆಯಿತು, ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಅವನ ಹೆಸರು ಎಲ್ಲೂ ಇರಲಿಲ್ಲ, ಬೈಯಲಿಕ್ಕೂ ಇರಲಿಲ್ಲ.

"ಎರಡು ದಿನ ಕೊಡಮ್ಮ" ಎಂದ. "ಈ ಫೈಲು ನನ್ನ ಮಾಡ್‌ನಲ್ಲೇ ತೆರೆಯೋ ಹಾಗೆ ಮಾಡ್ತೀನಿ. ಕಷ್ಟ ಇಲ್ಲ. ಕಟ್ಟೇಲಿ ಇಡಲ್ಲ, ನಿನ್ಗೆ ಮಾತ್ರ."

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ನಿಧಾನವಾಗಿ ಒರೆಸಿದಳು. ಇದಕ್ಕೆ ಎರಡು ದಿನ ಬೇಕಾಗುವುದಿಲ್ಲ, ಇವತ್ತು ಸಂಜೆಯೊಳಗೇ ಆಗುತ್ತದೆ ಎಂದು ಹೇಳಲು ಅವನು ಮತ್ತೆ ಬಾಯಿ ತೆರೆದ.

"ಬೇಡಪ್ಪ. ಅವಳ್ದೇ ಹಾಕ್ಕೊಡು" ಎಂದಳು ಅಮ್ಮ.

ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಜಾಗ ಬಿಡಲು ಅವಳಿಗೆ ಕಷ್ಟವಾದ್ದರಿಂದ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡಳು. ಕಂಬಣ್ಣ ಅವಳ ಪಕ್ಕದಲ್ಲಿ ಮಂಡಿಯೂರಿ ಕೂತ. ಗುಬ್ಬಿಯ ಮಾಡನ್ನು ಕಟ್ಟೆಯಿಂದ ಇಳಿಸಿಕೊಂಡ. ಒಂದೇ ಊರಿಗೆ ಎರಡು ಕೂಡುರಸ್ತೆ ಮಾಡ್ ಇರಲು ಬರುವುದಿಲ್ಲ, ಮೊದಲಿದ್ದ ತನ್ನದನ್ನು ತೆಗೆಯಬೇಕು. ಅಳಿಸಲೇ ಎಂದು ಯಂತ್ರ ಕೇಳಿತು. ಅವನು ಅಮ್ಮನ ಕಡೆ ನೋಡಿದ. ಅಮ್ಮ ಪರದೆಯನ್ನೇ ನೋಡುತ್ತಿದ್ದಳು, ಬೇಗ ಆಗಲಿ ಎನ್ನುವವಳ ಹಾಗೆ. ಅವನು ‘ಹೌದು’ ಒತ್ತಿದ.

ಊರು ತೆರೆದುಕೊಂಡಿತು. ಸೇತುವೆಯ ಹತ್ತಿರ ನಾಲ್ಕು ಕಾರು ಬಂದವು, ಒಂದು ನಿಂತು ಮೂರಕ್ಕೆ ದಾರಿ ಬಿಟ್ಟಿತು, ಆಮೇಲೆ ತಾನೂ ಹೋಯಿತು. ಅಮ್ಮ ಮುಂದಕ್ಕೆ ಬಾಗಿ ಕೈಯನ್ನು ಮೌಸಿನ ಮೇಲಿಟ್ಟಳು. ಅಲ್ಲಿ ಇನ್ನೂ ಅವನ ಕೈ ಇತ್ತು.

"ಬಿಡು" ಎಂದಳು ಅಮ್ಮ. ಅವನು ಕೈ ತೆಗೆದ.